ಚಿಲ್ಲರೆ

ಬೆಳಗಿನ ಆರೂಮುಕ್ಕಾಲರ ಕಾರವಾರ–ಮಾಜಾಳಿ.
ನಾನು ಕ್ಲಾರಿನ್, ಕಂಡಕ್ಟರ್.
ಹನ್ನೊಂದು ವರ್ಷದ ಖಾಕಿ,
ಅಂಗಿಯ ಒಳಗೆ ಅಮ್ಮ ಹಾಕಿದ ಜಪಮಾಲೆ,
ಅಂಗಿಯ ಹೊರಗೆ ನನ್ನ ಬಾಯಿ.

ಹತ್ತು ರೂಪಾಯಿಯ ದಾರಿಗೆ ಐನೂರು ಹಿಡಿಯುವವರು,
ಕೋಡಿಬಾಗದಲ್ಲಿ ಇಳಿಯಬೇಕಿದ್ದು
ಸೇತುವೆಯ ನಡುವೆ ಎಚ್ಚರಾಗಿ ನನ್ನನ್ನೇ ಬೈಯುವವರು,
ಒಳಗೆ ಬನ್ನಿ ಒಳಗೆ ಬನ್ನಿ ಎಂದು ಗಂಟಲು ಹರಿದರೂ
ಬಾಗಿಲಲ್ಲೇ ಬೇರು ಬಿಟ್ಟವರು.
ಯೇಸುವೇ, ನೆರೆಯವರನ್ನು ಪ್ರೀತಿಸು ಎಂದೆ.
ನೀನು ದೋಣಿ ಹತ್ತಿದ್ದೆ, ಕತ್ತೆ ಹತ್ತಿದ್ದೆ,
ಬಸ್ಸು ಹತ್ತಿರಲಿಲ್ಲ.

ಎಲ್ಲರಿಗಿಂತ ಮೇಲೆ ಶೇವಂತಿ ಹರಿಕಂತ್ರ.
ಸೊಂಟದ ಪ್ಲಾಸ್ಟಿಕ್ ಕೊಟ್ಟೆಯಿಂದ ಆಧಾರ್ ಕಾರ್ಡು ತೆಗೆಯುವಷ್ಟರಲ್ಲಿ
ಕಾಳಿ ನದಿ ಮುಗಿದಿರುತ್ತದೆ.
ಹೆಂಗಸರಿಗೆ ಶೂನ್ಯ ಟಿಕೆಟ್, ಸರಿ,
ಬಾಂಗಡೆಗೆ ಶೂನ್ಯವಿಲ್ಲ, ಬುಟ್ಟಿಗೆ ಲಗೇಜು ಕೊಡು ಎಂದರೆ
"ಮೀನೂ ಹೆಣ್ಣೇ ಬಾಯಿ, ಹೊಟ್ಟೆಯಲ್ಲಿ ಮೊಟ್ಟೆ ನೋಡು."
ಬಸ್ಸು ನಗುತ್ತದೆ. ನಾನು ನಗುವುದಿಲ್ಲ.
ಬುಟ್ಟಿಯ ನೀರು ಹರಿದು ಬಂದು ನನ್ನ ಬೂಟಿನೊಳಗೆ.

ತಪಸ್ಸುಕಾಲದ ನಾಲ್ಕನೇ ಶುಕ್ರವಾರ.
ಉಪವಾಸವಿದ್ದದ್ದು ನಾನು,
ಉರಿ ಉಂಡದ್ದು ಉಳಿದವರು.
ಸದಾಶಿವಗಡದ ಹತ್ತಿರ ಎಣಿಸಿದೆ, ಇನ್ನೂರು ಕಡಿಮೆ.
ಮತ್ತೆ ಎಣಿಸಿದೆ. ಇನ್ನೂರೇ.
ಅಪರೂಪಕ್ಕೆ ಲಗೇಜಿಗೆಂದು ಐನೂರು ಚಾಚಿದ್ದಳು ಶೇವಂತಿ.
ಬಾಕಿ ಹೆಚ್ಚಿಗೆ ಬಂದರೂ ಸುಮ್ಮನೆ ಕೂತಿದ್ದಾಳೆ
ಎಂದು ತೀರ್ಮಾನಿಸಲು ಸಾಕ್ಷಿ ಬೇಕಾಗಲಿಲ್ಲ,
ವಾಸನೆ ಸಾಕಾಯಿತು.
ಕಳ್ಳಿ ಎಂದೆ.
ತುಂಬಿದ ಬಸ್ಸಿನಲ್ಲಿ,
ಅವಳ ಮಗಳ ವಯಸ್ಸಿನ ಕಾಲೇಜು ಹುಡುಗಿಯರೆದುರು.

ಅವಳು ಸೆರಗಿನ ಗಂಟು ಬಿಚ್ಚಿ, ಕೊಟ್ಟೆ ಮಗುಚಿ,
ಒದ್ದೆ ನೋಟು, ಎಲೆ ಅಡಿಕೆ, ಯಾರದೋ ಔಷಧಿಯ ಚೀಟಿ
ಎಲ್ಲ ಸೀಟಿನ ಮೇಲೆ ಹರವಿ
"ಎಣಿಸಿಕೊ" ಎಂದಳು.
ಅಷ್ಟೇ.

ಡಿಪೋದಲ್ಲಿ ಕೈಯಿಂದ ತುಂಬಿದೆ.
ರಾತ್ರಿ, ಚರ್ಮದ ಚೀಲದ ಹರಿದ ಅಸ್ತರು ಹೊಲಿಯುವಾಗ
ಸೂಜಿಗೆ ಏನೋ ತಡೆಯಿತು.
ಇನ್ನೂರರ ನೋಟು, ಹಳದಿ, ನಾಲ್ಕು ಮಡಿಕೆ,
ಮೂಲೆಯಲ್ಲಿ ಈಗಷ್ಟೇ ನಾನು ಮಾಡಿದ ತೂತು.

ಕ್ಷಮಿಸು ಎನ್ನಲು ನಮ್ಮ ಕೊಂಕಣಿಯಲ್ಲಿ
ಭೊಗಸ್ ಎನ್ನುತ್ತೇವೆ.
ಕನ್ನಡ ಶಾಲೆಗೆ ಹೋದ ನನ್ನ ಕಿವಿಗೆ
ಚಿಕ್ಕಂದಿನಿಂದಲೂ ಅದು ಬೊಗಸೆ.
ಶಿಲುಬೆಯ ಎದುರು ಕೂತು ಬೊಗಸೆ ಒಡ್ಡಿದೆ.
ಏನೂ ಬೀಳಲಿಲ್ಲ.
ಫ್ಯಾನಿನ ಗಾಳಿ ಬಿತ್ತು.

ಮರುದಿನ ನೋಟು ತೋರಿಸಿದೆ, ತೂತು ತೋರಿಸಿದೆ,
ನಿನ್ನೆಯಷ್ಟೇ ಜೋರಾಗಿ, ಹಿಂದಿನ ಸೀಟಿಗೂ ಕೇಳುವಂತೆ
"ಕಳ್ಳಿ ನೀನಲ್ಲ, ನನ್ನ ಚೀಲ" ಎಂದೆ.
ಚೀಲವೂ ಅಲ್ಲವೆಂದು ಗೊತ್ತಿತ್ತು, ಬಾಯಿ ಬರಲಿಲ್ಲ.
ಅವಳು ಬುಟ್ಟಿ ಸರಿಸುತ್ತ
"ಇರಲಿ ಬಿಡು ಬಾಯಿ, ನಿನ್ನೆ ಸೆಕೆ ಬಹಳ ಇತ್ತು" ಎಂದಳು.

ಬಡ್ಡಿ ಸಮೇತ ತೀರಿಸಲು ಸಿದ್ಧಳಾಗಿ ಬಂದಿದ್ದೆ.
ಸೆಕೆಯ ಲೆಕ್ಕಕ್ಕೆ ಬರೆದು ಮುಗಿಸಿದಳು.

ಗುಂಡಿ ಒತ್ತಿದೆ, ಚೀಟಿ ಬಂತು, ಮೊತ್ತ ಶೂನ್ಯ.
ಶೂನ್ಯವೆಂದರೆ ಪುಕ್ಕಟೆಯಲ್ಲ,
ಇನ್ನೊಬ್ಬರು ತೆತ್ತಿದ್ದಾರೆ ಎಂದರ್ಥ,
ತರಬೇತಿಯಲ್ಲಿ ಸಾಹೇಬರು ಹೇಳಿದ್ದರು.
ಪಾದ್ರಿಗಳೂ ಹೇಳುತ್ತಿದ್ದರು ನಲವತ್ತು ವರ್ಷದಿಂದ,
ಬೇರೆ ಮಾತಿನಲ್ಲಿ.
ದಿನಕ್ಕೆ ಮುನ್ನೂರು ಹರಿದು ಕೊಡುವ ಕೈ,
ನನ್ನದನ್ನು ಓದಿರಲಿಲ್ಲ.

ಸಿಟ್ಟು ಹೋಗಿದೆ ಎಂದರೆ ಸುಳ್ಳಾದೀತು.
ಇವತ್ತೂ ಚಿತ್ತಾಕುಲದ ಮಾಸ್ತರರು ಐನೂರು ಹಿಡಿದರು,
ನಾಲಿಗೆಯ ತುದಿಗೆ ಬಂದದ್ದನ್ನು
ಕಷ್ಟಪಟ್ಟು ನುಂಗಿದೆ, ಅರ್ಧ.
ಉಳಿದರ್ಧ ಡ್ರೈವರ್ ಹೊನ್ನಪ್ಪನಿಗೆ ಬಿತ್ತು, ಪಾಪ.

"ಲಗೇಜು?" ಎಂದೆ ಶೇವಂತಿಗೆ.
"ಮೀನೂ ಹೆಣ್ಣೇ."
ನಕ್ಕೆ. ನಕ್ಕು, ಲಗೇಜು ಹರಿದೆ.
ಬುಟ್ಟಿಯ ನೀರು ಹುಡುಕಿಕೊಂಡು ಬಂತು
ನನ್ನ ಪಾದಕ್ಕೇ, ತಣ್ಣಗೆ.
ಪವಿತ್ರ ಗುರುವಾರಕ್ಕೆ ಇನ್ನೂ ಹತ್ತು ದಿನ ಇದೆ.